ಪೆಟ್ಟಿಗೆಗೊಂದು ಹೆಸರು

ಅಂಗಡಿಗೆ ಹೆಸರಿಡುವುದು ಕಷ್ಟದ ಕೆಲಸವೆಂದು ನಾನು ಎಂದೂ ತಿಳಿದಿರಲಿಲ್ಲ. ಕುಮಟೆಯ ಪೇಟೆಯಲ್ಲಿ ಒಂದು ಸುತ್ತು ಬಂದರೆ ಸಾಕು, ಕಿರಾಣಿ ಅಂಗಡಿಗೆ ಮನೆದೇವರ ಹೆಸರು, ಬಟ್ಟೆ ಅಂಗಡಿಗೆ ಮಗಳ ಹೆಸರು, ಎರಡೂ ತೋಚದವನಿಗೆ ಹಳೇ ಅಂಗಡಿಯ ಹೆಸರಿನ ಹಿಂದೊಂದು ‘ನ್ಯೂ’. ಆದರೆ ಎಲ್ಲರಿಗೂ ಒಂದು ದಿನ ಬೇಕಾಗುವ, ಯಾರೂ ಬೇಕೆಂದು ಬಯಸದ ವ್ಯಾಪಾರವನ್ನು ಶುರು ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ನಮ್ಮ ನಳಿನಿ ಶುರು ಮಾಡಿದ್ದು ಅಂಥದ್ದು: ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುವುದು. ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್ ಇದನ್ನು ಇಷ್ಟು ಬೋಳಾಗಿ ಹೇಳಲು ಬಿಡುತ್ತಿರಲಿಲ್ಲ. ಹಾಸ್ಟೆಲಿನ ಬೆಕ್ಕು ಸತ್ತಾಗ ಅವರು “ಟಿಬ್ಬಿ ಹ್ಯಾಸ್ ಲೆಫ್ಟ್ ಅಸ್” ಎಂದಷ್ಟೇ ಹೇಳಿದ್ದರು. ನಾನು ಸಂಜೆಯವರೆಗೂ ಕಾಂಪೌಂಡಿನ ತುಂಬ ಅದನ್ನು ಹುಡುಕಿದ್ದೆ.

ನಳಿನಿ ನನ್ನ ತಂಗಿಯ ಮಗಳು. ಮದುವೆಯ ಗೋಜಿಗೆ ಹೋಗದೆ, ಇಂಗ್ಲಿಷ್ ಕಲಿಸಿ ರಿಟೈರ್ ಆದ ನಾನು ಅವಳ ಮನೆಯ ಮುಂದಿನ ಕೋಣೆಯಲ್ಲಿದ್ದೇನೆ. ಹೋದ ವರ್ಷದ ಮೇ ತಿಂಗಳಲ್ಲಿ ಅವಳ ಗಂಡ ಗಣಪತಿ ಬೆಳಿಗ್ಗೆ ಚಾ ಕುಡಿಯುತ್ತಿದ್ದವನು ಹಾಗೆಯೇ ಗೋಡೆಗೆ ಒರಗಿದ. ಮಗಳು ಪುಣೆಯಲ್ಲಿದ್ದಳು. ಊರಿನಲ್ಲಿದ್ದ ಒಂದೇ ಫ್ರೀಜರ್ ಪೆಟ್ಟಿಗೆ ಆವತ್ತು ಬೇರೊಬ್ಬರ ಮನೆಗೆ ಹೋಗಿತ್ತು. ಹೊನ್ನಾವರದ ಬಂದರಿನಿಂದ ಮೀನಿಗೆ ಹಾಕುವ ಐಸ್ ತರಿಸಿ ಸುತ್ತಲೂ ಇಟ್ಟೆವು. ಕಿವಿರು ಎತ್ತಿ ನೋಡದೆ ಒಂದು ಬಂಗಡೆಯನ್ನೂ ಕೊಳ್ಳದಿದ್ದ ಮನುಷ್ಯ ಅವನು. ತನ್ನನ್ನು ಹಾಗೆ ಮಲಗಿಸಿದ್ದು ನೋಡಿದ್ದರೆ ಏನಾದರೂ ಜೋಕ್ ಮಾಡುತ್ತಿದ್ದ. ಮಧ್ಯಾಹ್ನದ ಸೆಕೆಗೆ ಐಸ್ ಕರಗಿ ಜಗಲಿಯಿಂದ ಅಂಗಳಕ್ಕೆ ಹರಿಯಿತು. ಇನ್ನು ಇಡುವುದು ಸರಿಯಲ್ಲವೆಂದು ಹಿರಿಯರು ಎತ್ತಿಸಿದರು. ಮಗಳು ಬಂದು ಮುಟ್ಟಿದಾಗ ಅವಳಿಗೆ ನೋಡಲು ಉಳಿದಿದ್ದದ್ದು ಮೀನು ವಾಸನೆಯ ಒದ್ದೆ ನೆಲ.

ಆಮೇಲೆ ನಳಿನಿ ಚಾ ಬಿಟ್ಟಳು, ಮಾತೂ ಕಡಿಮೆ ಮಾಡಿದಳು. ಗಂಡನ ಓಮ್ನಿ ವ್ಯಾನು ಇತ್ತು. ಇದ್ದಬದ್ದದ್ದನ್ನು ಹೊಂದಿಸಿ ಪೆಟ್ಟಿಗೆ ತರಿಸಿದಳು. “ಇನ್ನೊಬ್ಬರ ಮಗಳಿಗೆ ಹೀಂಗಾಗೂದು ಬ್ಯಾಡ ದೊಡ್ಡಮ್ಮ” ಎಂದಳು. ಅಷ್ಟೇ ಅವಳ ಬಿಸಿನೆಸ್ ಪ್ಲ್ಯಾನ್.

ಪೆಟ್ಟಿಗೆ ಬಂತು, ಯಾರೂ ಕರೆಯಲಿಲ್ಲ. ಅದರ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿಟ್ಟಿದ್ದೆವು. ಮನೆಗೆ ಬಂದವರು ಡೈನಿಂಗ್ ಟೇಬಲ್ಲೇ ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆ ಚಾ ಬೇಡವೆಂದು ಏಳುತ್ತಿದ್ದರು. ವ್ಯಾನಿನ ಮೇಲೆ ಬರೆಯಲು ಬಂದ ಪೇಂಟರ್ ನಾಗೇಶ ಕಾರಣ ಹೇಳಿದ. “ನಳಿನಕ್ಕ, ಹೆಸ್ರಿಲ್ದಿದ್ರೆ ಜನ ನಂಬರನ್ನ ಎಂತ ಹೇಳಿ ಸೇವ್ ಮಾಡ್ಕಂತಾರೆ? ‘ಹೆಣದ ವ್ಯಾನು’ ಹೇಳಿ ಫೋನಲ್ಲಿ ಇಟ್ಕಂಬುಕೆ ಯಾರಿಗೆ ಧೈರ್ಯ ಅದೆ?”

ಗಂಡನ ಹೆಸರೇ ಇರಲಿ ಎಂದಳು ನಳಿನಿ. ನಾಗೇಶ ಬ್ರಷ್ಷನ್ನು ಡಬ್ಬಿಯ ಮೇಲಿಟ್ಟ. “ಇಡಗುಂಜಿ ಗಣಪ್ತಿ ಗುಡಿ ಇಲ್ಲೇ ಅದೆ ಅಕ್ಕ. ಎಲ್ಲಾದಕ್ಕೂ ಮೊದ್ಲು ಪೂಜೆ ತಕಂಬ ದೇವ್ರನ್ನ ತಂದು ಎಲ್ಲಾದಕ್ಕೂ ಕೊನೆಗೆ ನಿಲ್ಸೂದಾ? ನಾ ಬರಿಯೂದಿಲ್ಲ.” ಮನೆತನದ ಹೆಸರು ಹಾಕೋಣವೆಂದರೆ ಗಣಪತಿಯ ಅಣ್ಣ ಫೋನಿನಲ್ಲೇ ಕೈಮುಗಿದ, ಅವನ ಮಗಳಿಗೆ ಸಂಬಂಧ ನೋಡುತ್ತಿದ್ದರು. ಆಗ ಇಂಗ್ಲಿಷ್ ಬಲ್ಲ ನಾನು ಮುಂದೆ ಬಂದು ‘ಸೆರೆನಿಟಿ’ ಎಂದೆ. “ಅದೆಂತ ಟೀಚರ್, ಬ್ಯೂಟಿ ಪಾರ್ಲರಾ?” ಎಂದ ನಾಗೇಶ. ಕೊನೆಗೆ ನಮ್ಮ ಕಡೆ ಮಾಡುವಂತೆ ಗುಡಿಗೆ ಹೋಗಿ ಪ್ರಸಾದ ಕೇಳಿದೆವು. ದೇವರ ಮೈಗೆ ಅಂಟಿಸಿದ ಒದ್ದೆ ಹೂವು ಬಲಕ್ಕೆ ಬಿದ್ದರೆ ನಳಿನಿಯ ‘ಮುಕ್ತಿ’, ಎಡಕ್ಕೆ ಬಿದ್ದರೆ ನನ್ನ ‘ಸೆರೆನಿಟಿ’. ಕಾಲು ಜೋಮು ಹಿಡಿಯುವವರೆಗೆ ನಿಂತರೂ ಹೂವು ಅಲುಗಲಿಲ್ಲ. “ದೇವ್ರಿಗೂ ಸ್ವಲ್ಪ ಯೋಚ್ನೆ ಮಾಡುಕೆ ಬಿಡಿ” ಎಂದು ಭಟ್ಟರು ಮಂಗಳಾರತಿ ಎತ್ತಿದರು. ಮೀಟಿಂಗುಗಳಲ್ಲಿ ಕೆಲವರು ಹೀಗೇ ಅಬ್ಸ್ಟೇನ್ ಮಾಡುವುದನ್ನು ನಾನು ಕಂಡಿದ್ದೇನೆ. ದೇವರಿಂದ ನಿರೀಕ್ಷಿಸಿರಲಿಲ್ಲ.

ಮನೆಗೆ ಬಂದವಳೇ ನಳಿನಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. “ವಾಪಸ್ ಕೊಟ್ಬಿಡ್ತೆ ದೊಡ್ಡಮ್ಮ.” ಆ ಜಾಗದಲ್ಲೇ ಅವಳ ಗಂಡನನ್ನು ಮಲಗಿಸಿದ್ದೆವು. ನನಗೆ ತಡೆಯಲಾಗಲಿಲ್ಲ. “ನನ್ನ ಹೆಸರು ಹಾಕು. ನನಗೆ ಮದುವೆಗೆ ಬಂದ ಮಕ್ಕಳಿಲ್ಲ, ಮುರಿದುಹೋಗುವ ಸಂಬಂಧವಿಲ್ಲ” ಎಂದೆ. “ಬದುಕಿದ್ದವ್ರ ಹೆಸ್ರು ಬ್ಯಾಡ” ಎಂದು ಅವಳು ಕಿವಿ ಮುಚ್ಚಿಕೊಂಡಳು. ನಾನು ಟೀಚರ್ ದನಿ ತೆಗೆದೆ. ನಲವತ್ತು ದಾಟಿದ ಮೇಲೂ ಮಕ್ಕಳು ಆ ದನಿಗೆ ಹೆದರುತ್ತವೆ.

ಅದು ಬರೀ ತ್ಯಾಗವಲ್ಲ, ಸ್ವಲ್ಪ ವ್ಯಾನಿಟಿಯೂ ಇತ್ತು. ನಮ್ಮ ಶಾಲೆಯ ಫ್ಯಾನುಗಳ ರೆಕ್ಕೆಯ ಮೇಲೆಲ್ಲ ಯಾರಾದರೊಬ್ಬರ ಸ್ಮರಣಾರ್ಥ ಎಂದು ಬರೆದಿರುತ್ತಿತ್ತು. ನಾನು ಪೊಯೆಟ್ರಿ ಕಲಿಸುವಾಗ ಊರಿನ ದಿವಂಗತರೆಲ್ಲ ತಲೆಯ ಮೇಲೆ ಗಿರಗಿರ ತಿರುಗುತ್ತಿದ್ದರು. ಬಸ್ ಸ್ಟಾಪಿನ ಕಲ್ಲುಬೆಂಚಿಗೂ ಹಾಗೆಯೇ, ಗುಡಿಯ ಗಂಟೆಗೂ ಹಾಗೆಯೇ. ನನ್ನ ಹೆಸರೂ ಎಲ್ಲಾದರೂ ಇರಲಿ ಎಂಬ ಆಸೆ ಆಗಿನಿಂದಲೂ ಇತ್ತು. ನಮ್ಮ ಕಡೆ ಹೆಸರು ಹಾಗೆ ಮೇಲೇರುವುದು ಮನುಷ್ಯ ಕೆಳಗೆ ಹೋದ ಮೇಲೆ ಎನ್ನುವುದನ್ನು ಮಾತ್ರ ಆ ಗಳಿಗೆಯಲ್ಲಿ ಮರೆತಿದ್ದೆ.

‘ವಿಮಲಾ ಟೀಚರ್ ಶೀತಪೆಟ್ಟಿಗೆ ಸೇವೆ’ ಎಂದು ನಾಗೇಶ ಚೆಂದವಾಗಿ ಬರೆದ. ಖಾಲಿ ಕಾಣುತ್ತದೆಂದು ತಾನಾಗಿಯೇ ಪಕ್ಕದಲ್ಲೊಂದು ಉರಿಯುವ ದೀಪವನ್ನೂ ಬರೆದ. ನಳಿನಿ ವ್ಯಾನು ತೆಗೆದುಕೊಂಡು ಪೇಟೆಗೆ ಹೋಗಿ ತರಕಾರಿ ತರುವಷ್ಟರಲ್ಲಿ ಫೋನುಗಳು ಶುರುವಾದವು. ಪೆಟ್ಟಿಗೆ ಬೇಕೆಂದಲ್ಲ, ನಾನು ಯಾವಾಗ ಹೋದೆನೆಂದು. ಒಂದು ಫೋನನ್ನು ನಾನೇ ಎತ್ತಿದೆ. ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟ ನನ್ನ ಹಳೇ ಸ್ಟೂಡೆಂಟ್ ಜುಬೇರ್, ಆವತ್ತು ಕುಮಟೆ ಪೇಟೆಗೆ ಬಂದಿದ್ದನಂತೆ. “ವ್ಯಾನ್ ನೋಡ್ದೆ ಅಕ್ಕ. ಟೀಚರ್ ಹೋದ್ರಾ? ಭಾರೀ ಸ್ಟ್ರಿಕ್ಟ್ ಇದ್ರು. ನಂಗೆ ಬೆಂಚ್ ಮೇಲೆ ನಿಲ್ಸಿದ್ರು. ಆದ್ರೂ ಪಾಪ” ಎಂದ. ನಲವತ್ತು ವರ್ಷದ ಸರ್ವಿಸ್ಸಿನ ಸಾರಾಂಶ: ಆದ್ರೂ ಪಾಪ. “ಜುಬೇರ್, ಸ್ಟ್ಯಾಂಡ್ ಅಪ್” ಎಂದೆ. ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

ನಾಚಿಕೆಗೋ ಹೆದರಿಕೆಗೋ, ಜುಬೇರ್ ಸಿಕ್ಕಿದವರಿಗೆಲ್ಲ ಈ ಕಥೆ ಹೇಳಿ, ಕೇಳಿದವರಿಗೆಲ್ಲ ನಂಬರನ್ನೂ ಕೊಟ್ಟ. ಮುಂದಿನ ವಾರ ಕಾಯ್ಕಿಣಿಯಿಂದ ಕರೆ ಬಂತು. “ಟೀಚರ್ ಪೆಟ್ಟಿಗೆ ಅದೆಯಾ? ನಮ್ಮಬ್ಬಿ ಹೋದ್ಲು. ತಂಗಿ ಮಸ್ಕತ್ತಿಂದ ಬರೂಕದೆ.” ನಳಿನಿ ಪೆಟ್ಟಿಗೆ ಹೇರಿಸಿಕೊಂಡು ಹೋದವಳು ಆ ತಾಯಿಯ ಮಗಳು ಬರುವವರೆಗೂ ಅಲ್ಲಿಯೇ ಕೂತಿದ್ದಳು. ಮಾರನೇ ದಿನ ಬಂದು, ಮಿಂದು, ಕೂದಲು ಒರೆಸಿಕೊಳ್ಳುತ್ತ ನನ್ನ ಬಾಗಿಲಲ್ಲಿ ನಿಂತಳು. “ಮಗಳು ಬಂದ್ಳು ದೊಡ್ಡಮ್ಮ. ಮುಖ ನೋಡಿದ್ಳು, ಕೆನ್ನೆ ಸವರಿದ್ಳು.” ಟವೆಲನ್ನು ಹೆಗಲಿಗೆ ಹಾಕಿಕೊಂಡು, “ಚಾ ಮಾಡ್ತೆ. ನಿಂಗೂ ಬೇಕಾ?” ಎಂದಳು. ನನಗೆ ಡಾಕ್ಟರು ಚಾ ಬೇಡವೆಂದಿದ್ದಾರೆ. ಎರಡು ಲೋಟ ಕುಡಿದೆ.

ಸಂತಾಪದ ಫೋನುಗಳು ಈಗಲೂ ಬರುತ್ತವೆ. ಅದಕ್ಕೆ ನಾಗೇಶನೇ ಒಂದು ಉಪಾಯ ತಂದಿದ್ದ. “ಕೆಳಗೆ ಸಣ್ಣದಾಗಿ ‘ಟೀಚರ್ ಇದ್ದಾರೆ’ ಹೇಳಿ ಬರ್ದು ಕೊಡ್ತೆ, ಆತಾ?” ಬೇಡವೆಂದೆ. ಬದುಕಿಡೀ ಕೆಂಪು ಪೆನ್ ಹಿಡಿದು ಊರಿನವರ ತಪ್ಪು ತಿದ್ದಿದ್ದೇನೆ, ಯಾರೂ ತಿದ್ದಿಕೊಂಡದ್ದು ಕಾಣೆ. ಈ ವ್ಯಾನಿನ ಮೇಲಿರುವ ತಪ್ಪೊಂದು ಮಾತ್ರ ನನ್ನ ಪೆನ್ನಿಗಾಗಿ ಕಾಯುತ್ತಿಲ್ಲ. ಒಂದು ದಿನ ತಾನಾಗಿಯೇ ಸರಿಹೋಗುತ್ತದೆ.