ಸೊಸೆಯ ಸೈಕಲ್ಲಿಗೆ ಅತ್ತೆಯ ಕಾನೂನು

"ಭಾನುವಾರ ಆ ಸೈಕಲ್ ಮನೆ ಬಾಗಿಲು ದಾಟಿದರೆ ನಾನು ಅವಳ ಅತ್ತೆಯೇ ಅಲ್ಲ!" ಎಂದು ಅತ್ತೆ ಪಕ್ಕದ ಮನೆಯ ಟೈಲರಮ್ಮನೆದುರು ಶಪಥ ಮಾಡಿದರು.

ಸಿಟ್ಟು ಬರದೆ ಇರುತ್ತದೆಯೇ? ಸೊಸೆ ಗುಡ್ಡ ಹತ್ತುವ ಸೈಕಲ್ ಕೊಂಡಿದ್ದಳು. ದಪ್ಪ ಟೈರು, ತಲೆಗೆ ಬೋಗುಣಿ ಕವಚಿದಂಥ ಹೆಲ್ಮೆಟ್ಟು! ಭಾನುವಾರ ಗೆಳತಿಯರ ಜೊತೆ ದಿನವಿಡೀ ಸವಾರಿಯಂತೆ. ಅಡುಗೆಗೆ ಮಗನಂತೆ!

ಅತ್ತೆ ಮತ್ತು ಟೈಲರಮ್ಮ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವ, ಸೊಸೆ ಸವಾರಿ ಅಭ್ಯಾಸ ಮಾಡುವ ಪಾರ್ಕಿನ ಗುಡ್ಡದಲ್ಲಿದ್ದುದು ಒಂದೇ ಮಣ್ಣುದಾರಿ. ನಡೆಯುವವರಿಗೂ ಅದೇ, ಸೈಕಲ್ಲಿಗೂ ಅದೇ. ಸೊಸೆ ತಿರುವಿನಲ್ಲಿ ಬ್ರೇಕ್ ಹಿಡಿಯುತ್ತಿದ್ದಳು, ದಾರಿ ಕಿತ್ತುಹೋಗಬಾರದೆಂದು ಕೆಸರಿದ್ದಲ್ಲಿ ಸೈಕಲ್ ಎತ್ತಿಕೊಂಡು ನಡೆಯುತ್ತಿದ್ದಳು, ಜನ ಕಂಡರೆ ಬೆಲ್ ಹೊಡೆಯುತ್ತಿದ್ದಳು. ಒಂದು ದಿನ ಆ ಬೆಲ್ಲಿಗೇ ಅತ್ತೆ ಬೆಚ್ಚಿ ಟೈಲರಮ್ಮನನ್ನು ತಬ್ಬಿಕೊಂಡರು. ಇಬ್ಬರೂ ಪೊದೆಯ ಪಾಲು!

"ಹಿರಿಯರ ಜೀವ ತೆಗೆಯೋಕೆ ಕಟ್ಟಿಸಿದ್ದೀಯಾ ಆ ಗಂಟೆ? ಬಿಚ್ಚಿಸು!"

"ಆಯ್ತು ಅತ್ತೆ."

ಮರುದಿನ ಸೊಸೆ ದೂರದಿಂದಲೇ, "ಸ್ವಲ್ಪ ದಾರಿ ಬಿಡಿ" ಎಂದು ಕೂಗಿದಳು.

"ನಾನೇನು ಅಡ್ಡ ಮಲಗಿರೋ ಎಮ್ಮೆನಾ? ನಾಲ್ಕು ಜನರೆದುರು ಕೂಗ್ತೀಯಾ?"

"ಮತ್ತೆ ಹೇಗೆ ಬರಲಿ, ನೀವೇ ಹೇಳಿ."

ಅತ್ತೆ ಗಂಟಲು ಸರಿಮಾಡಿಕೊಂಡು ಮಹಾರಾಣಿಯ ಠೀವಿಯಲ್ಲಿ ಕಾನೂನು ಹೊರಡಿಸಿದರು. "ಬೆಲ್ ಇಲ್ಲ, ಕೂಗು ಇಲ್ಲ. ತೆಪ್ಪಗೆ ಹಿಂದೆ ಬಾ. ನಾನಾಗಿ ತಿರುಗಿ ದಾರಿ ಬಿಡೋ ತನಕ ಕಾಯಿ!"

"ಆಯ್ತು ಅತ್ತೆ."

ಮಾರನೆಯ ಬೆಳಿಗ್ಗೆ ದಾರಿಯಲ್ಲಿ ಸದ್ದೇ ಇಲ್ಲ. ಜೊತೆಗಿದ್ದ ಟೈಲರಮ್ಮನೆದುರು ಅತ್ತೆ ಹಿಗ್ಗಿದರು.

"ನೋಡಿದೆಯಾ, ಈ ಕಡೆ ತಲೆ ಹಾಕಿಲ್ಲ! ಇನ್ನು ಭಾನುವಾರದ ಕಥೆ ಕೇಳು. ಎದ್ದ ಕೂಡಲೇ ನನಗೆ ಮಂಡಿನೋವು ಬರುತ್ತೆ. ಎಂಥ ನೋವು ಅಂತೀಯಾ? ನರಳಿದರೆ ನಿನ್ನ ಹೊಲಿಗೆ ಮಿಷನ್ ನಿಲ್ಲಬೇಕು! ಅವಳು ಹೇಗೆ ಹೊರಡ್ತಾಳೆ, ನೋಡೇಬಿಡ್ತೀನಿ."

"ಎಡಗಾಲಾ, ಬಲಗಾಲಾ? ಮೊದಲೇ ಗಟ್ಟಿ ಮಾಡ್ಕೊಳ್ಳಿ ಅಕ್ಕ. ಮಧ್ಯೆ ಕಾಲು ಬದಲಾದರೆ ಕಷ್ಟ!"

"ಎಡಗಾಲು!" ಎಂದು ಅತ್ತೆ ಸೆರಗು ಸಿಕ್ಕಿಸಿ, "ಅಯ್ಯಯ್ಯೋ" ಎನ್ನುತ್ತಾ ಮುಂದಿನ ಮರದವರೆಗೆ ಕುಂಟಿದರು. ವಾಪಸು ಕುಂಟಲು ತಿರುಗಿದರು.

ಎದುರಿಗೇ ದಪ್ಪ ಟೈರು! ಮೇಲೆ ಬೋಗುಣಿ!

"ನೀನು... ಎಷ್ಟೊತ್ತಿಂದ ಇದ್ದೀಯೇ ಇಲ್ಲಿ?"

"ಗೇಟಿನಿಂದ, ಅತ್ತೆ. ನೀವು ತಿರುಗಲೇ ಇಲ್ಲ."

"ಒಂದು ಸಲ ಕೆಮ್ಮೋಕೇನಾಗಿತ್ತು ನಿನಗೆ?" ಅತ್ತೆಗೆ ಆಗಲೂ ಸಿಟ್ಟೇ!

"ಕೆಮ್ಮಬಹುದು ಅಂತ ನೀವು ಹೇಳಿರಲಿಲ್ಲವಲ್ಲ."

ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸೊಸೆ ಮೆಲ್ಲಗೆ ದಾಟಿಹೋಗಿ, ಒಂದು ಕಾಲೂರಿ ನಿಂತಳು.

"ಅತ್ತೆ, ಭಾನುವಾರಕ್ಕೆ ಬಲಗಾಲೇ ಇಟ್ಕೊಳ್ಳಿ. ಎಡಗಾಲಲ್ಲಿ ನಿಮಗೆ ಕುಂಟೋಕೆ ಅಷ್ಟು ಚೆನ್ನಾಗಿ ಬರ್ತಿಲ್ಲ."