ನೆಲ ಬಿಟ್ಟ ಅಧಿಕಾರಿ

ಪೀಣ್ಯ ಎರಡನೇ ಹಂತದಲ್ಲಿರುವ ಜಲಧಾರಿಣಿ ಪಂಪ್ಸ್ ಕಾರ್ಖಾನೆಯ ಹೊರದೇಶ ಪ್ರಯಾಣ ನಿಯಮಾವಳಿಯಲ್ಲಿ ಒಟ್ಟು ಐವತ್ತಮೂರು ನಿಯಮಗಳಿದ್ದವು. ಅವನ್ನು ಬರೆದ ಕಾಲಕ್ಕೆ ಅಲ್ಲಿಂದ ಯಾರೂ ಹೊರದೇಶಕ್ಕೆ ಹೋಗಿರಲಿಲ್ಲವಾದ್ದರಿಂದ, ಯಾವ ನಿಯಮದಿಂದಲೂ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆ ಶುರುವಾದದ್ದು ಚನಬಸಪ್ಪನಿಂದ. ಆತ ಕಾರ್ಖಾನೆಯ ಹಿರಿಯ ಫಿಟ್ಟರ್. ಹರಿಹರದ ಕಡೆಯವನು, ಇಪ್ಪತ್ತೆರಡು ವರ್ಷದಿಂದ ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಓಡುತ್ತಿರುವ ಪಂಪಿಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಯಿಟ್ಟರೆ ಸಾಕು, ಪಂಪಿಗೇನಾಗಿದೆ ಎಂದು ಹೇಳಿಬಿಡುತ್ತಿದ್ದ. ವಿಯೆಟ್ನಾಮಿನ ನ್ಯಾ ಟ್ರಾಂಗ್ ಎಂಬ ಕಡಲೂರಿನಲ್ಲಿ ಮೀನಿಗೆ ಐಸ್ ತಯಾರಿಸುವವರು ಕೊಂಡಿದ್ದ ಜಲಧಾರಿಣಿ ಪಂಪು ಇದ್ದಕ್ಕಿದ್ದಂತೆ ನರಳತೊಡಗಿತು. ಹದಿನೈದು ದಿನದೊಳಗೆ ಸರಿಮಾಡದಿದ್ದರೆ ಮುಂದಿನ ಹನ್ನೆರಡು ಪಂಪುಗಳನ್ನು ಬೇರೆಯವರಿಂದ ಕೊಳ್ಳುವುದಾಗಿ ಅವರು ಬರೆದರು. ಆ ನರಳಾಟವನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲ ಕಿವಿ ಚನಬಸಪ್ಪನದೊಂದೇ.

ಪ್ರಯಾಣ ವಿಭಾಗದ ಮುಖ್ಯಸ್ಥೆ ಶೋಭಾರಾಣಿಯವರು ಕಡತ ತೆರೆದರು. ನಿಯಮ ಹದಿನಾಲ್ಕರ ಪ್ರಕಾರ, ರಾತ್ರಿ ಬಸ್ಸಿನಲ್ಲಿ ತಲುಪಬಹುದಾದ ಊರಿಗೆ ಅಧಿಕಾರಿಯಲ್ಲದವರು ವಿಮಾನದಲ್ಲಿ ಹೋಗುವಂತಿರಲಿಲ್ಲ.

"ಮೇಡಂ, ವಿಯೆಟ್ನಾಮಿಗೆ ಬಸ್ಸಿಲ್ಲ. ಮಧ್ಯ ಸಮುದ್ರ ಐತೆ," ಎಂದ ಚನಬಸಪ್ಪ.

"ಇರಬಹುದು. ಇದೆ ಅನ್ನೋದಕ್ಕೆ ದಾಖಲೆ ಬೇಕಲ್ವಾ ಚನಬಸಪ್ಪನವರೇ?"

ಮರುದಿನ ಆತ ಒಂದು ನಕ್ಷೆ ತಂದ. ಬಂಗಾಳ ಕೊಲ್ಲಿಯ ಮೇಲೆ ಕಾರ್ಖಾನೆಯ ಮೊಹರು ಬಿತ್ತು. ಹೋ ಚಿ ಮಿನ್ ನಗರದವರೆಗೆ ವಿಮಾನ ಮಂಜೂರಾಯಿತು.

ಅಲ್ಲಿಂದ ಮುಂದೆ ಸಮುದ್ರವಿರಲಿಲ್ಲ, ರಸ್ತೆಯಿತ್ತು. ನ್ಯಾ ಟ್ರಾಂಗಿಗೆ ವಿಮಾನವಾದರೆ ಒಂದು ಗಂಟೆ. ಮಲಗುವ ಬಸ್ಸಾದರೆ ಒಂದಿಡೀ ರಾತ್ರಿ. ಈ ಕುರಿತು ನಿರ್ಧರಿಸಲು ಜನರಲ್ ಮ್ಯಾನೇಜರ್ ಶಿವಶಂಕರ್ ಅವರ ಅಧ್ಯಕ್ಷತೆಯಲ್ಲಿ ವಾಹನ ಆಯ್ಕೆ ಸಮಿತಿ ರಚನೆಯಾಯಿತು. ಸಮಿತಿ ಉಪ್ಪಿಟ್ಟಿನೊಂದಿಗೆ ಮೂರು ಬಾರಿ ಸೇರಿತು. ನಾಲ್ಕನೇ ಬಾರಿ, ಆ ಬಸ್ಸಿನ ಮಂಚದ ಅಳತೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಅದೇ ಅಳತೆಯ ಪ್ಲೈವುಡ್ ಪೆಟ್ಟಿಗೆಯೊಂದನ್ನು ಪ್ಯಾಕಿಂಗ್ ವಿಭಾಗದಲ್ಲಿ ಮಾಡಿಸಿತು.

ಚನಬಸಪ್ಪ ಆರಡಿಗೆ ಒಂದೇ ಅಂಗುಲ ಕಡಿಮೆಯ ಆಸಾಮಿ. ಚಪ್ಪಲಿ ಬಿಟ್ಟು ಪೆಟ್ಟಿಗೆಯಲ್ಲಿ ಮಲಗಿದ. ಪಾದಗಳು ಆಚೆ ಉಳಿದವು. ಶೋಭಾರಾಣಿಯವರು ಟೇಪು ಹಿಡಿದರು. ಸ್ಟೋರ್ಸ್‌ನ ಲಕ್ಷ್ಮಯ್ಯ ನಡಾವಳಿ ಬರೆದುಕೊಂಡ: "ಪರಿಶೀಲನೆಯಲ್ಲಿ ಸದರಿ ನೌಕರರು ನಾಲ್ಕು ಅಂಗುಲದಷ್ಟು ಹೆಚ್ಚುವರಿಯಾಗಿರುವುದು ಕಂಡುಬಂದಿದೆ."

"ಮಂಡಿ ಮಡಚ್ಕೊಂಡು ಹೋಗ್ತೀನಿ ಸಾರ್, ಏನಾಗಲ್ಲ," ಎಂದ ಚನಬಸಪ್ಪ ಮಲಗಿದ್ದಲ್ಲಿಂದಲೇ. ಆಗಲೇ ಒಂಬತ್ತು ದಿನ ಕಳೆದಿತ್ತು.

"ಮಡಚಿದ ನೌಕರನನ್ನು ಕಳಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ ಕಣ್ರೀ," ಎಂದರು ಶಿವಶಂಕರ್ ಬೇಸರದಿಂದ.

ಹೀಗೆ ಬಸ್ಸಿಗೆ ಆತ ಉದ್ದವಾದ, ವಿಮಾನಕ್ಕೆ ಚಿಕ್ಕವನಾದ. ದಾರಿ ತೋರಿಸಿದ್ದು ಶೋಭಾರಾಣಿಯವರೇ. ಅವರು ಸಿದ್ಧಪಡಿಸಿದ ಆದೇಶ ಹೀಗಿತ್ತು:

"ಶ್ರೀ ಚನಬಸಪ್ಪ ಇವರನ್ನು, ಹೋ ಚಿ ಮಿನ್ ನಗರದಲ್ಲಿ ವಿಮಾನದ ಚಕ್ರಗಳು ನೆಲ ಬಿಟ್ಟ ಕ್ಷಣದಿಂದ ನ್ಯಾ ಟ್ರಾಂಗಿನಲ್ಲಿ ಅವು ನೆಲ ಮುಟ್ಟುವ ಕ್ಷಣದವರೆಗೆ, ಉಪ ಪ್ರಧಾನ ವ್ಯವಸ್ಥಾಪಕರ ಹುದ್ದೆಗೆ ಸಕಲ ಅಧಿಕಾರಗಳೊಂದಿಗೆ ಬಡ್ತಿಗೊಳಿಸಲಾಗಿದೆ. ನೆಲ ಮುಟ್ಟಿದ ಕೂಡಲೇ ಸದರಿಯವರು ಫಿಟ್ಟರ್ ಆಗತಕ್ಕದ್ದು."

ಮನೆಯಲ್ಲಿ ಹೆಂಡತಿ ಮಹಾಂತಮ್ಮ ಆದೇಶವನ್ನು ಎರಡು ಸಲ ಓದಿಸಿಕೊಂಡಳು. "ಒಂದ್ ತಾಸಾದ್ರೂ ಆಫೀಸರ್ ಆದ್ರಲ್ಲ ಬಿಡ್ರಿ," ಎಂದು ಅವನ ಅಂಗಿಗೆ ಇಸ್ತ್ರಿ ಹಾಕಿದಳು.

ಬೆಂಗಳೂರಿನಿಂದ ಸಮುದ್ರದ ಮೇಲೆ ಚನಬಸಪ್ಪ ಫಿಟ್ಟರ್ ಆಗಿಯೇ ಹಾರಿದ. ಎರಡನೇ ವಿಮಾನ ನೆಲ ಬಿಟ್ಟಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತ. ಮೊದಲ ಹತ್ತು ನಿಮಿಷ ಅಧಿಕಾರಿಯಾದವನು ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ ಟೆಸ್ಟಿಂಗ್ ಶೆಡ್ ನೆನಪಾಯಿತು. ಶೀಟಿನ ಸೂರಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಬೇಯುತ್ತಾ ನಿಲ್ಲುವ ಹದಿನೆಂಟು ಜನ ನೆನಪಾದರು. ಗಾಳಿ ಆಡಲು ನಾಲ್ಕು ಫ್ಯಾನ್ ಕೊಡಿಸಿ ಎಂದು ಅವರೆಲ್ಲ ಸೇರಿ ಅರ್ಜಿ ಕೊಟ್ಟು ಐದು ವರ್ಷವಾಗಿತ್ತು. ಅದು ಯಾರ ಮೇಜಿನಲ್ಲಿದೆ ಎಂಬುದನ್ನು ಪತ್ತೆ ಮಾಡುವ ಅರ್ಜಿಗೇ ಮೂರು ವರ್ಷ.

ಮುಂದಿನ ಸೀಟಿನ ಜೇಬಿನಲ್ಲಿ, ವಾಂತಿ ಬಂದವರಿಗೆಂದು ಇಟ್ಟಿದ್ದ ಕಾಗದದ ಚೀಲವಿತ್ತು. ಚನಬಸಪ್ಪ ಪೆನ್ನು ತೆಗೆದ. "ಟೆಸ್ಟಿಂಗ್ ಶೆಡ್ಡಿಗೆ ನಾಲ್ಕು ಫ್ಯಾನ್ ಮಂಜೂರು ಮಾಡಿದೆ. ಕೂಡಲೇ ಹಾಕುವುದು," ಎಂದು ಬರೆದು, ಸಹಿ ಹಾಕಿ, ಹುದ್ದೆ ನಮೂದಿಸಿ, ಗಡಿಯಾರ ನೋಡಿ ಹತ್ತು ಐವತ್ತು ಎಂದು ಸಮಯ ಹಾಕಿದ. ಅಷ್ಟರಲ್ಲಿ ಕೆಳಗೆ ಮಳೆ ಜೋರಾಗಿ, ವಿಮಾನ ಇಳಿಯಲಾಗದೆ ಇಪ್ಪತ್ತು ನಿಮಿಷ ಸುತ್ತಿತು. ಆ ಇಪ್ಪತ್ತು ನಿಮಿಷದಲ್ಲಿ ಚೀಲದ ಹಿಂಬದಿಯಲ್ಲಿ ಕುಡಿಯುವ ನೀರಿನ ಫಿಲ್ಟರನ್ನೂ ಮಂಜೂರು ಮಾಡಿದ.

ನ್ಯಾ ಟ್ರಾಂಗಿನಲ್ಲಿ ಚಕ್ರ ನೆಲ ಮುಟ್ಟಿತು. ಇಳಿದ ಫಿಟ್ಟರ್ ಐಸ್ ಕಾರ್ಖಾನೆಗೆ ಹೋಗಿ ಸ್ಕ್ರೂಡ್ರೈವರ್ ಆನಿಸಿ ಕೇಳಿದ. ಪಂಪನ್ನು ನೆಲಕ್ಕೆ ಬಿಗಿದಿದ್ದ ಒಂದು ಬೋಲ್ಟ್ ಸಡಿಲವಾಗಿತ್ತು. ಬಿಗಿದ. ಪಂಪು ಸುಮ್ಮನಾಯಿತು. ಮಾಲೀಕ ಅವನನ್ನು ಅಪ್ಪಿಕೊಂಡು, ಹನ್ನೆರಡರ ಬದಲು ಹದಿನಾಲ್ಕು ಪಂಪು ಬೇಕೆಂದು ಅಲ್ಲೇ ಬರೆದುಕೊಟ್ಟ.

ವಾಪಸ್ ಬರುವುದರ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ. ಯಾರನ್ನೂ ಕೇಳದೆ ಆತ ಹೋ ಚಿ ಮಿನ್ ನಗರದ ರಾತ್ರಿ ಬಸ್ಸು ಹತ್ತಿದ. ಬಾಗಿಲಲ್ಲಿ ಚಪ್ಪಲಿ ಬಿಚ್ಚಿಸಿ, ಅದನ್ನಿಡಲು ಕೈಗೊಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಮಂಡಿ ಮಡಚಿ ಮಲಗಿದ. ಪಕ್ಕದ ಮಂಚದ ಅಜ್ಜಿಯೊಬ್ಬಳು ಅವನ ಕಾಲಿನ ಉದ್ದ ನೋಡಿ ನಗು ತಡೆಯಲಾರದೆ ಒಂದು ಕಿತ್ತಳೆ ಕೊಟ್ಟಳು. ಅದನ್ನು ತಿಂದು ಮಲಗಿದವನಿಗೆ ನಗರ ಬಂದದ್ದೇ ಗೊತ್ತಾಗಲಿಲ್ಲ.

ಪೀಣ್ಯಕ್ಕೆ ಬಂದು ಚೀಲವನ್ನು ಶೋಭಾರಾಣಿಯವರ ಮೇಜಿನ ಮೇಲಿಟ್ಟ. ಅವರು ವಿಮಾನ ಇಳಿದ ಸಮಯ ತರಿಸಿ ನೋಡಿದರು. ಎರಡು ಸಹಿಗಳೂ ಗಾಳಿಯಲ್ಲೇ ಆಗಿದ್ದವು.

"ಆದೇಶ ಕಾಗದದ ಮೇಲಿರಬೇಕು ಅಂತ ಇದೆ ಸಾರ್," ಎಂದರು ಅವರು ಶಿವಶಂಕರ್‌ಗೆ. "ಎಂಥ ಕಾಗದ ಅಂತ ಇಲ್ಲ."

ಶಿವಶಂಕರ್ ಚೀಲವನ್ನು ತಿರುಗಿಸಿ ಎರಡೂ ಬದಿ ಓದಿದರು. "ನಾಳೆ ಯಾರಾದ್ರೂ, ಇದನ್ನ ಯಾಕೆ ಮಂಜೂರು ಮಾಡಿದ್ರಿ ಅಂತ ಕೇಳಿದ್ರೆ?"

"ಯಾರನ್ನ ಕೇಳ್ತಾರೆ ಸಾರ್? ಸಹಿ ಹಾಕಿದ ಅಧಿಕಾರಿ ಈಗ ಇಲ್ವಲ್ಲ."

ಶಿವಶಂಕರ್ ಅವರ ಮುಖದಲ್ಲಿ ಹದಿಮೂರು ವರ್ಷದ ಸೇವೆಯಲ್ಲೇ ಕಾಣದ ನೆಮ್ಮದಿ ಕಂಡಿತು. ಶುಕ್ರವಾರದೊಳಗೆ ನಾಲ್ಕು ಫ್ಯಾನ್ ತಿರುಗತೊಡಗಿದವು. ಶೆಡ್ಡಿನ ಹದಿನೆಂಟು ಜನವೂ ಅವುಗಳ ಕೆಳಗೆ ನಿಂತು ಚನಬಸಪ್ಪನಿಗೆ ಚಪ್ಪಾಳೆ ತಟ್ಟಿದರು.

ಸೋಮವಾರ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: "ಬಹುಕಾಲದಿಂದ ಸಹಿಯಾಗದೆ ಉಳಿದಿರುವ ಎಲ್ಲ ಕಡತಗಳನ್ನು ಪಂಪು ಜೋಡಣೆಗಾಗಿ ವಿಯೆಟ್ನಾಮಿಗೆ ತೆರಳುವ ಶ್ರೀ ಚನಬಸಪ್ಪ ಇವರೊಂದಿಗೆ ವಿಮಾನಕ್ಕೆ ಸಲ್ಲಿಸತಕ್ಕದ್ದು. ಹೋಗುವಾಗ ವಿಮಾನ, ಬರುವಾಗ ಬಸ್ಸು. ಬಸ್ಸಿನಲ್ಲಿ ಸಹಿ ಇರುವುದಿಲ್ಲ." ಸಿಬ್ಬಂದಿ ಅದನ್ನು ಓದಿ, ಕೊನೆಗೂ ಆಡಳಿತ ಚುರುಕಾಯಿತೆಂದು ಮಾತಾಡಿಕೊಂಡರು.

ಹೊರಡುವ ಹಿಂದಿನ ದಿನ ಶಿವಶಂಕರ್ ತಾವೇ ಚನಬಸಪ್ಪನ ಬೆಂಚಿನ ಹತ್ತಿರ ಬಂದರು. ಅತ್ತಿತ್ತ ನೋಡಿ ಮಡಚಿದ ಹಾಳೆಯೊಂದನ್ನು ಕೊಟ್ಟರು.

"ನನ್ನದೊಂದು ರಜಾ ಅರ್ಜಿ ಕಣ್ರೀ. ನನ್ನ ರಜೆಗೆ ಯಾರು ಸಹಿ ಹಾಕ್ಬೇಕು ಅಂತ ಈ ಕಾರ್ಖಾನೆಲಿ ಯಾರಿಗೂ ಗೊತ್ತಿಲ್ಲ."

ಚನಬಸಪ್ಪ ಎಣ್ಣೆಗೈ ಒರೆಸಿಕೊಂಡು ಹಾಳೆ ಬಿಡಿಸಿ ಓದಿದ. ಗಂಟಲು ಸರಿಮಾಡಿಕೊಂಡ.

"ನಾಲ್ಕು ದಿನ ಅಂತ ಬರ್ದೀರಿ ಸಾರ್. ಗಟ್ಟಿ ಹೇಳಕ್ಕಾಗಲ್ಲ. ಮೇಲೆ ಹೋದ್ಮೇಲೆ ನೋಡೋಣ."

ಶಿವಶಂಕರ್ ಕೈ ಮುಗಿದು, ಸದ್ದಾಗದಂತೆ ತಮ್ಮ ಕೋಣೆಗೆ ಹೋದರು.