ಮಾರಿಗೆ ಲೈಟ್ ಹೊಡಿಸಿಕೊಳ್ಳಾಕ ಬಂದೋರು

ಹೊಸಪೇಟೆಯ ಒಂದು ಚರ್ಮದ ಆಸ್ಪತ್ರೆಯಲ್ಲಿ ನಾನು ನರ್ಸ್. ಮುಖದ ಕೆಂಪು, ಕಂದು ಕಲೆಗಳನ್ನು ಬೆಳಕು ಹಾಯಿಸಿ ತಿಳಿ ಮಾಡುವ ಯಂತ್ರವೊಂದು ನಮ್ಮಲ್ಲಿದೆ. ಜನ ಅದಕ್ಕೆ 'ಲೈಟ್ ಹೊಡಸೋದು' ಅಂತಾರೆ. ಮುಖದ ವಿಷಯ ಅಂದರೆ ಯಾರಿಗಾದರೂ ಒಳಗೊಳಗೇ ಸಂಕಟ. ಹಾಗಾಗಿ ಬಂದವರ ಎದುರು ನಗಬಾರದು ಅಂತ ತುಟಿ ಬಿಗಿಹಿಡಿದೇ ಕೆಲಸ ಮಾಡ್ತೀನಿ. ಆದರೆ ಯಾರಾದರೊಬ್ಬರು ಬಂದು ಆ ಬಿಗಿ ಬಿಡಿಸಿಯೇ ಹೋಗ್ತಾರೆ.

ಕಣ್ಣು ಮುಚ್ಚಿದ ಅಜ್ಜಿ

ಎಮ್ಮಿಗನೂರಿನ ಅಜ್ಜಿಯೊಬ್ಬಳನ್ನು ಮೊಮ್ಮಗಳು ಕರೆತಂದಿದ್ದಳು. ಭತ್ತದ ಗದ್ದೆಯ ಬಿಸಿಲಿಗೆ ಅಜ್ಜಿಯ ಕೆನ್ನೆ ತುಂಬ ಕಂದು ಕಲೆ. ತನ್ನ ಮದುವೆಯೊಳಗೆ ಅಜ್ಜಿಯ ಮುಖ ತಿಳಿಯಾಗಬೇಕು ಅಂತ ಮೊಮ್ಮಗಳ ಹಟ. ಅಜ್ಜಿಗೆ ಇಲ್ಲಿ ಏನು ಮಾಡ್ತಾರೆ ಅನ್ನೋದೇ ಗೊತ್ತಿರಲಿಲ್ಲ.

ಮಲಗಿಸಿ, ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿ, ಕೆನ್ನೆಗೆ ತಂಪು ಜೆಲ್ ಸವರಿದೆ. ಡಾಕ್ಟರ್ ಮೇಡಂ ಯಂತ್ರ ಒತ್ತಿದರು. ಕನ್ನಡಕದ ಅಂಚಿನಲ್ಲಿ ಫಳ್ ಅಂತ ಬೆಳಕು ಬಂದಿರಬೇಕು, ಅಜ್ಜಿ ನಕ್ಕಳು. ಮತ್ತೊಮ್ಮೆ ಫಳ್. ಇನ್ನೂ ಅಗಲವಾಗಿ ನಕ್ಕಳು.

"ನಗಬ್ಯಾಡಬೇ ಅಜ್ಜಿ, ಕೆನ್ನಿ ಮಡಚತೈತಿ" ಅಂದೆ. ಪಾಪ, ಸುಮ್ಮನಾದಳು.

ಮುಗಿದ ಮೇಲೆ ಎದ್ದು ಕೂತು, ಸೆರಗು ಸರಿ ಮಾಡಿಕೊಂಡು ಕೈ ಚಾಚಿದಳು. "ತೋರ್ಸವ್ವ."

"ಏನು ಅಜ್ಜಿ?"

"ಫೋಟೋ. ಕಣ್ಣು ಕಟ್ಟಿ, ನಗಾಕೂ ಬಿಡದಂಗ ಇಷ್ಟು ತಗದೀರಿ. ಒಂದರ ಚಲೋ ಬಂದೈತೋ ಇಲ್ಲೋ?"

ಸಂಡೂರಿನ ಕೆಂಪು

ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವ ಹುಡುಗ. ಹೊಸದಾಗಿ ಮದುವೆ ಆಗಿತ್ತು. ಹೆಂಡತಿ "ನಿಮ್ಮ ಮಾರಿ ಯಾಕ ಹಿಂಗ ಕೆಂಪಗಾಗಾಕ ಹತ್ತೈತಿ" ಅಂದಿದ್ದಕ್ಕೆ ಹೆದರಿ, ಡ್ಯೂಟಿ ಮುಗಿಸಿ ನೇರ ನಮ್ಮಲ್ಲಿಗೆ ಬಂದಿದ್ದ.

ನೋಡುವ ಮೊದಲು ಮುಖ ಒರೆಸು ಅಂದರು ಮೇಡಂ. ಒದ್ದೆ ಹತ್ತಿಯಲ್ಲಿ ಒರೆಸಿದೆ. ಹತ್ತಿ ಕೆಂಪಾಯಿತು. ಇನ್ನೊಂದು ತಗೊಂಡೆ, ಅದೂ ಕೆಂಪಾಯಿತು. ಕೊನೆಗೆ ಅದಿರಿನ ಧೂಳೆಲ್ಲ ಹೋಗಿ ಒಳ್ಳೆ ಲಕ್ಷಣದ ಮುಖ ಹೊರಬಂತು.

ಕನ್ನಡಿ ನೋಡಿಕೊಂಡು ಅವನ ಕಣ್ಣು ತುಂಬಿತು. "ಇಷ್ಟು ಜಲ್ದಿ ಹೋತೇನ್ರಿ? ನೋವ ಆಗಲಿಲ್ಲ."

"ಇನ್ನೂ ಲೈಟ್ ಹೊಡದ ಇಲ್ಲಪ್ಪ. ಅದು ಬರೇ ಧೂಳು" ಅಂದರು ಮೇಡಂ.

ಅವನಿಗೆ ನಂಬಿಕೆ ಬರಲಿಲ್ಲ. ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಕ್ಕಾರ, ಆ ಹತ್ತಿ ಯಾವ ಮೆಡಿಕಲ್ ಶಾಪಿನ್ಯಾಗ ಸಿಗತೈತ್ರಿ?"

ನೆರಳಿನ ಗೈಡು

"ಲೈಟ್ ಹೊಡಸಿದ ಮ್ಯಾಲ ಬಿಸಿಲಿಗೆ ಹೋಗಬಾರದು" ಅಂತ ಮೇಡಂ ಹೇಳಿದಾಗ, ಕಲೆ ತೋರಿಸಲು ಬಂದಿದ್ದ ಒಬ್ಬ ಮನುಷ್ಯ ತಲೆ ತಗ್ಗಿಸಿದ. "ಮೇಡಂ, ನಾನು ಹಂಪಿಯಾಗ ಗೈಡು. ಬಿಸಿಲು ಬಿಟ್ರ ಹೊಟ್ಟಿಗೇನು?" ನಮಗೂ ಪಾಪ ಅನಿಸಿತು. ಟೋಪಿ, ಕ್ರೀಮು, ಎಲ್ಲ ಹೇಳಿ ಕಳಿಸಿದೆವು.

ಮುಂದಿನ ಸಲ ಬಂದಾಗ ಮುಖ ಮಸ್ತ್ ಆಗಿತ್ತು. ಹೆಂಗೆ ಅಂತ ಕೇಳಿದೆ.

"ನಾನು ಮಂಟಪದಾಗ ಕುಂದ್ರತೀನ್ರಿ. ಅಲ್ಲಿ ಬಯಲಾಗ ಹೋಗಿ ಎಲ್ಲಾ ನೋಡ್ಕೊಂಡು ಬರ್ರಿ, ಬಂದಮ್ಯಾಲ ಇತಿಹಾಸ ಹೇಳ್ತೀನಿ ಅಂತ ಟೂರಿಸ್ಟ್ ಮಂದಿನ್ನ ಕಳಸ್ತೀನಿ."

"ಅವರು ಏನೂ ಅನ್ನಂಗಿಲ್ಲೇನು?"

"ಏನಂತಾರ್ರಿ, ಮಾರಿ ಕೆಂಪಗ ಮಾಡ್ಕೊಂಡು ಬರ್ತಾರ. ಪಾಪ, ನಿಮ್ಮ ದವಾಖಾನಿ ಅಡ್ರೆಸ್ ಕೊಡ್ತೀನಿ."

ಗಣಿತದ ಮಾಸ್ತರು

ಕಂಪ್ಲಿಯ ಈ ಮಾಸ್ತರು ಬಂದಾಗ ಮಾತ್ರ ನಗುವ ವಿಷಯವೇ ಇರಲಿಲ್ಲ. ಕೆನ್ನೆ, ಮೂಗು ಕೆಂಡದಂತೆ ಕೆಂಪು. ಸಣ್ಣ ರಕ್ತನಾಳ ಹಿಗ್ಗಿ ಬರುವ ತೊಂದರೆ ಅದು. ಊರು ಮಾತ್ರ ಕುಡೀತಾರೆ ಅಂದುಕೊಂಡಿತ್ತು. ಒಂದು ತೊಟ್ಟೂ ಮುಟ್ಟದ ಮನುಷ್ಯ.

"ಮಗಳನ್ನ ನೋಡಾಕ ಬಂದೋರು ನನ್ನ ಮಾರಿ ನೋಡಿ ಎದ್ದು ಹ್ವಾದ್ರವ್ವ" ಅಂದರು.

ಮೇಡಂ ಅವಸರ ಮಾಡಲಿಲ್ಲ. ಬಿಟ್ಟು ಬಿಟ್ಟು ಹಲವು ಸಲ ಲೈಟ್ ಹಾಯಿಸಿದರು. ಖಾರ, ಬಿಸಿಲು ಕಡಿಮೆ ಮಾಡಿಸಿದರು. ಕೆಂಪು ಇಳಿಯಿತು. ಹೊಸ ಸಂಬಂಧವೂ ಕೂಡಿಬಂತು. ಮಾಸ್ತರು ಪೇಢೆ ತಂದು, ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು ಹೋದರು.

ಆಮೇಲೆ ಒಂದು ದಿನ ಮತ್ತೆ ಬಂದರು. ಮುಖ ಬಾಡಿತ್ತು.

"ಮತ್ತ ಕೆಂಪಾತೇನ್ರಿ ಸರ್?" ಅಂದರು ಮೇಡಂ.

"ಇಲ್ಲ. ಅದ ತ್ರಾಸಾಗೈತ್ರಿ." ಕುರ್ಚಿಯಲ್ಲಿ ಕುಸಿದು ಕೂತರು. "ನಾನು ಒಬ್ಬ ಹುಡುಗನಿಗೂ ಹೊಡದೋನಲ್ಲ, ಬೈದೋನಲ್ಲ. ಒಳಗ ಹೋಗಿ ನಿಂತ್ರ ಸಾಕು, ಮಾಸ್ತರು ಸಿಟ್ಟಿನ್ಯಾಗ ಅದಾರ ಅಂತ ಕ್ಲಾಸು ಗಪ್ಪಾಗತಿತ್ತು. ಈಗ ನನ್ನ ನೋಡಿ, ಸರ್, ಇವತ್ತು ಗಣಿತ ಬ್ಯಾಡ್ರಿ, ಆಟಕ್ಕ ಬಿಡ್ರಿ ಅಂತಾರ."

"ಬೀಗರು ಖುಷಿ ಅದಾರಲ್ಲ ಸರ್" ಅಂದೆ ನಾನು.

"ಅವರು ಭಾಳ ಖುಷಿ ಅದಾರವ್ವ. ಅವರ ಖುಷಿ ಕೆಡಸೋದು ಬ್ಯಾಡ." ಮೇಡಂ ಕಡೆ ತಿರುಗಿ ದನಿ ತಗ್ಗಿಸಿದರು. "ಈ ಎಡಗೆನ್ನಿ ಒಂದು ಮೊದಲಿನಂಗ ಮಾಡಿಕೊಡಾಕ ಬರತೈತೇನ್ರಿ? ಬೋರ್ಡಿನ ಮ್ಯಾಲ ಬರಿಯೋವಾಗ ಹುಡುಗರಿಗೆ ಅದ ಕಾಣೋದು. ಬೀಗರು ಬಂದಾಗ ನಾನು ಬಲಗೆನ್ನಿ ಅವರ ಕಡೆ ಮಾಡಿ ಕುಂದ್ರತೀನಿ."